ಮುಳ್ಳಿಟ್ಟ ಮನೆಯ ವಿಳಾಸ

ಸಣ್ಣಬೀರಯ್ಯ ತೀರಿಕೊಂಡ ಗಳಿಗೆಯ ನಕ್ಷತ್ರ ಒಳ್ಳೆಯದಲ್ಲ, ಯುಗಾದಿ ಕಳೆಯುವತನಕ ಮನೆ ಬಿಡಬೇಕು ಎಂದು ಹನಗೋಡಿನ ಅಯ್ನೋರು ಹೇಳಿದಾಗ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ತಿಥಿಯ ಮಾರನೆಯ ಬೆಳಗ್ಗೆ ಒಲೆಯ ಬೂದಿ ತೋಡಿ, ಪಾತ್ರೆ, ಹಾಸಿಗೆ, ರಾಗಿ ಮೂಟೆಗಳನ್ನು ಟ್ರ್ಯಾಕ್ಟರಿಗೆ ಹೇರಿದರು. ಮಗ ಶಿವಶಂಕರ ಬಾಗಿಲೆಳೆದು ಬೀಗ ಹಾಕಿದ. ಅವನ ತಾಯಿ ಮಲ್ಲಾಜಮ್ಮ ಹೊಸ್ತಿಲಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕೊಂಬೆ ಇಟ್ಟಳು. ಅಂಥ ಮನೆ ಬಿಡುವಾಗ ಹೋಗುತ್ತೇವೆ ಅನ್ನಬಾರದು, ಬರುತ್ತೇವೆ ಎಂದೂ ಅನ್ನಬಾರದು. ಸುಮ್ಮನೆ ಬೆನ್ನು ತಿರುಗಿಸಿ ನಡೆಯಬೇಕು. ಬಿಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳಿದರೆ ಅದು ಮನೆಗೆ ಕೇಳಿಸುತ್ತದೆ, ಮನೆ ಇನ್ನೊಬ್ಬರನ್ನು ಕರೆಯುತ್ತದೆ ಎಂಬುದು ಮಲ್ಲಾಜಮ್ಮನ ತೌರಿನ ಕಡೆಯ ನಂಬಿಕೆ. ಅವಳ ತಮ್ಮ ಹಾಗೆ ಹೇಳಿಕೊಂಡು ತಿರುಗಿದವನು ವರ್ಷ ತುಂಬುವುದರೊಳಗೆ ತಾನೇ ಹೋಗಿದ್ದ.

ಸೊಸೆ ಪವಿತ್ರಾ ಎಲ್ಲರಿಗಿಂತ ಹಿಂದೆ ಬಂದಳು. ತಾರಸಿಯಿಂದ ಬಿಚ್ಚಿದ ರೇಡಿಯೋ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎದೆಗವುಚಿಕೊಂಡಿದ್ದಳು.

ಅವರ ಹಳ್ಳದಕೊಪ್ಪಲು ತಗ್ಗಿನಲ್ಲಿದೆ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಮೊಬೈಲಿನ ಸಿಗ್ನಲ್ ದಿಬ್ಬದ ಆಚೆಗೇ ನಿಂತುಬಿಡುತ್ತಿತ್ತು. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯವನು ಹೆಬ್ಬೆಟ್ಟಿನ ಯಂತ್ರ ಹಿಡಿದು ದಿಬ್ಬ ಹತ್ತುವುದು, ಮಂಡಿನೋವಿನ ಮುದುಕಿಯರೂ ಅಕ್ಕಿಗಾಗಿ ಅವನ ಬೆನ್ನ ಹಿಂದೆ ಹತ್ತುವುದು ನಡೆದೇ ಇತ್ತು. ಹೋದ ವರ್ಷ ಮೈಸೂರಿನಿಂದ ಮಹದೇವಪ್ರಸಾದ್ ಎಂಬ ಎಂಜಿನಿಯರ್ ಪ್ರಯೋಗಕ್ಕೆಂದು ಈ ಪೆಟ್ಟಿಗೆ ತಂದ. ಅದಕ್ಕೆ ಇಂಟರ್ನೆಟ್ ಕಳಿಸುವ ಹನಗೋಡಿನ ಕಡೆಯ ಕಂಬ ದಿಬ್ಬದ ಸೀಳಿನಲ್ಲಿ ಕಾಣುತ್ತಿದ್ದುದು ಇಡೀ ಕೊಪ್ಪಲಿನಲ್ಲಿ ಸಣ್ಣಬೀರಯ್ಯನ ತಾರಸಿಗೊಂದಕ್ಕೇ. ಪೆಟ್ಟಿಗೆ ಅಲ್ಲಿ ಕೂತಿತು. ಪಿಯುಸಿ ಓದಿದ್ದ ಪವಿತ್ರಾ ಅದನ್ನು ನೋಡಿಕೊಳ್ಳುವುದನ್ನು ಕಲಿತಳು.

ಟೀವಿಗೆಂದು ಮೀಸಲಿಟ್ಟ ಚಾನೆಲ್‌ಗಳಲ್ಲಿ ಎಲ್ಲವನ್ನೂ ಎಲ್ಲ ಕಡೆಯೂ ಬಳಸುವುದಿಲ್ಲ. ಆಯಾ ಸೀಮೆಯಲ್ಲಿ ಒಂದಷ್ಟು ಖಾಲಿ ಬಿದ್ದಿರುತ್ತವೆ. ಅಂಥ ಖಾಲಿ ಚಾನೆಲಿನ ಮೇಲೆಯೇ ಈ ಪೆಟ್ಟಿಗೆ ಇಂಟರ್ನೆಟ್ ತರುತ್ತಿತ್ತು. ಆದರೆ ತನಗೆ ತೋಚಿದ್ದನ್ನು ಹಿಡಿದುಕೊಳ್ಳುವಂತಿರಲಿಲ್ಲ. ದಿನವೂ ಎಲ್ಲೋ ದೂರದ ಡೇಟಾಬೇಸನ್ನು ಕೇಳಬೇಕು: ನಾನು ಇಂಥ ಜಾಗದಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಇಲ್ಲಿ ಏನು ಖಾಲಿ ಇದೆ? ಉತ್ತರ ಬರುತ್ತಿತ್ತು: ಇಲ್ಲಿಂದ ಇಲ್ಲಿಯವರೆಗೆ ಖಾಲಿ, ಇದಕ್ಕಿಂತ ಜೋರು ಬೇಡ, ನಾಳೆ ಈ ಹೊತ್ತಿನವರೆಗೆ ಮಾತ್ರ. ಪವಿತ್ರಾಳ ಮೊಬೈಲಿನಲ್ಲಿ ಆ ಉತ್ತರ ಒಂದು ಉದ್ದನೆಯ ಪಟ್ಟಿಯಾಗಿ ಮೂಡುತ್ತಿತ್ತು. ಖಾಲಿ ಇದ್ದ ಕಡೆ ಹಸಿರು, ಉಳಿದ ಕಡೆ ಬೂದು.

ಕೂರಿಸಿದ ದಿನ ಇದನ್ನೆಲ್ಲ ಕೇಳಿಸಿಕೊಂಡ ಸಣ್ಣಬೀರಯ್ಯ, "ಅಂದ್ರೆ ಕೊಯ್ಲಾದ ವೊಲದಂಗೆ ಅನ್ನಿ. ಕೂಳೆ ಇರೋಗಂಟ ಯಾರ ದನ ಬೇಕಾದ್ರೂ ಮೇಯ್ಬೋದು. ವೊಲದೋನು ನೇಗ್ಲು ಕಟ್ದ ಅಂದ್ರೆ ಈಚೆಗೆ ಬಂದ್ಬುಡ್ಬೇಕು" ಅಂದಿದ್ದ.

"ಅಷ್ಟೇ ಯಜಮಾನ್ರೆ. ಆದ್ರೆ ದನ ಯಾವ ಹೊಲದಲ್ಲಿದೆ ಅಂತ ಸುಳ್ಳು ಹೇಳ್ಬಾರ್ದು. ಪೆಟ್ಟಿಗೆ ಜಾಗ ಬದಲಾದ್ರೆ ತಿಳಿಸ್ಲೇಬೇಕು" ಎಂದಿದ್ದ ಮಹದೇವಪ್ರಸಾದ್.

"ನಮ್ಮ ಜನ ದನ ಎಲ್ಲಿದ್ರೂ ಕೊಟ್ಟಿಗೇಲೇ ಅದೆ ಅಂತಾರೆ ಬುಡಿ" ಎಂದು ಸಣ್ಣಬೀರಯ್ಯ ನಕ್ಕಿದ್ದ. ಪವಿತ್ರಾಳೂ ನಕ್ಕಿದ್ದಳು.

ಈಗ ಅವರು ಬಂದಿಳಿದ ಹೊಲದ ಮನೆ ಇದ್ದದ್ದು ಕಾಡಂಚಿನ ಏರಿನಲ್ಲಿ. ಅಲ್ಲಿಂದಲೂ ಹನಗೋಡಿನ ಕಂಬ ಕಾಣುತ್ತಿತ್ತು, ಕೆಳಗೆ ಕೊಪ್ಪಲೂ ಕಾಣುತ್ತಿತ್ತು. ಶಿವಶಂಕರ ಸೂರಿಗೆ ಪೈಪು ಬಿಗಿದು ಪೆಟ್ಟಿಗೆ ಕಟ್ಟಿದ. ಕರೆಂಟು ಕೊಟ್ಟೊಡನೆ ಪವಿತ್ರಾಳ ಮೊಬೈಲಿನಲ್ಲಿ ಪ್ರಶ್ನೆ ಬಂತು: ಪೆಟ್ಟಿಗೆ ಹಿಂದಿನ ಜಾಗದಲ್ಲೇ ಇದೆಯೇ? ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿ.

"ಏನಂತವ್ವ ಅದು?" ಮಲ್ಲಾಜಮ್ಮ ಕೇಳಿದಳು.

"ಹಳೇ ಜಾಗದಲ್ಲೇ ಇದೀರಾ ಅಂತ ಕೇಳ್ತಾ ಅದೆ ಅತ್ತೆ. ಇಲ್ಲ ಅನ್ಬೇಕು."

"ಇಲ್ಲ ಅನ್ಬ್ಯಾಡ." ಮಲ್ಲಾಜಮ್ಮ ಸೊಸೆಯ ಮಣಿಕಟ್ಟು ಹಿಡಿದಳು. "ಮುಳ್ಳಿಕ್ಕಿ ಇನ್ನೂ ಒಂದೊತ್ತಾಗಿಲ್ಲ. ಮನೆ ಬುಟ್ಟೀವಿ ಅಂತ ಅದೆಲ್ಲೋ ಇರೋರ್ಗೆ ಬರ್ದು ಕಳುಸ್ತೀಯಾ? ನಂಗಿರೋನು ಒಬ್ಬ ಮಗ ಕಣವ್ವ."

"ಹೌದು ಅನ್ನೇ ಅತ್ಲಾಗೆ" ಎಂದು ಶಿವಶಂಕರ ಏಣಿಯ ಮೇಲಿಂದಲೇ ಕೂಗಿದ. "ಇಲ್ಲಿಗೂ ಅಲ್ಲಿಗೂ ಏನು ಮಾ ದೂರ?"

ಪವಿತ್ರಾ ಹೌದು ಎಂದು ಒತ್ತಿದಳು. ಅವಳಿಗೆ ಅದು ಸುಳ್ಳು ಅನ್ನಿಸಲೂ ಇಲ್ಲ. ಆ ಕಡೆಯ ಜನ ಹೊಲದ ಮನೆಯಲ್ಲಿ ವರ್ಷವಿಡೀ ಮಲಗಿ ಎದ್ದರೂ ಮನೆ ಎಲ್ಲಿ ಎಂದರೆ ಕೊಪ್ಪಲಿನದನ್ನೇ ತೋರಿಸುತ್ತಾರೆ. ಎಂದಿನಂತೆ ಪಟ್ಟಿಯಲ್ಲಿ ಹಸಿರು ಮೂಡಿತು. ಕೊಪ್ಪಲಿನವರು, ಮೊದಲಿಗಿಂತ ಈಗಲೇ ನೆಟ್ಟು ಚೆನ್ನಾಗಿದೆ ಅಂದರು.

ಹೊಲದ ಮನೆಯಿಂದ ಸ್ವಲ್ಪ ಕೆಳಗೆ, ಹಳ್ಳದ ದಂಡೆಯಲ್ಲಿ ಜವರಯ್ಯನ ಅಟ್ಟಣೆ ಇತ್ತು. ಕಾಡಿನಂಚಿಗೆ ಹಾಕಿದ ರೈಲುಕಂಬಿಯ ಬೇಲಿಗೆ ಹಳ್ಳ ದಾಟುವ ಕಡೆ ಒಂದು ಕಂಡಿ. ಆನೆಗಳು ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಅರವತ್ತು ದಾಟಿದ ಜವರಯ್ಯ ಕೊಪ್ಪಲಿನ ಕಾವಲುಗಾರ. ಸುಗ್ಗಿಯಲ್ಲಿ ಮನೆಮನೆಯವರೂ ಅವನಿಗೆ ರಾಗಿ ಅಳೆದು ಕೊಡುತ್ತಿದ್ದರು. ಕಂಡಿಯ ಕಂಬಕ್ಕೆ ಕಟ್ಟಿದ ಯಂತ್ರದ ಮುಂದೆ ಆನೆ ಹಾದರೆ ಅದು ಗಾಳಿಯಲ್ಲೇ ಸುದ್ದಿ ಕಳಿಸುತ್ತಿತ್ತು, ಅಟ್ಟಣೆಯ ಮೇಲಿನ ಗಂಟೆ ಬಡಿದುಕೊಳ್ಳುತ್ತಿತ್ತು, ಜವರಯ್ಯ ಪಟಾಕಿ ಹಚ್ಚಿ ಕೂಗು ಹಾಕುತ್ತಿದ್ದ. ಎರಡೂ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ, ಕರೆಂಟು ಹೋದರೂ ನಿಲ್ಲುತ್ತಿರಲಿಲ್ಲ. ಗಂಟೆ ಬಂದ ಮೇಲೆ ಕೊಪ್ಪಲಿನ ಒಂದು ತೆನೆಯೂ ಆನೆಯ ಬಾಯಿಗೆ ಹೋಗಿರಲಿಲ್ಲ.

ಸಣ್ಣಬೀರಯ್ಯನ ಮನೆಯವರು ಮೇಲಕ್ಕೆ ಬಂದು ವಾರ ಕಳೆದಿತ್ತೇನೋ, ಒಂದು ಬೆಳಗ್ಗೆ ನಟರಾಜುವಿನ ರಾಗಿ ಹೊಲ ಕಣ ಹಾಕಿದ ಹಾಗೆ ನೆಲಸಮವಾಗಿತ್ತು. ಗಂಟೆ ಬಡಿಯಲಿಲ್ಲ ಎಂದ ಜವರಯ್ಯ. ಇರಬಹುದು ಎಂದು ಜನ ಸುಮ್ಮನಾದರು. ಮುಂದಿನ ಸಲ ಆನೆ ನಟರಾಜುವಿನ ಕೊಟ್ಟಿಗೆಯ ಗೋಡೆ ಕೆಡವಿತು. ಗಬ್ಬದ ಹಸು ಗೋಡೆಯಡಿ ಸಿಕ್ಕಿ ಸತ್ತಿತು.

ಅಂದು ಬೆಳಗ್ಗೆ ಕರೆಂಟು ಇರಲಿಲ್ಲ. ಗಂಡಸರೆಲ್ಲ ಅಟ್ಟಣೆಯ ಬುಡದಲ್ಲಿ ಸೇರಿದರು; ಪವಿತ್ರಾ ಒಂದಿಷ್ಟು ದೂರದಲ್ಲಿ ನಿಂತಿದ್ದಳು. ನಟರಾಜು ಒಬ್ಬನನ್ನು ಕಂಡಿಗೆ ಕಳಿಸಿ ಕಂಬದ ಮುಂದೆ ಹಾದುಹೋಗಲು ಹೇಳಿದ. ಗಂಟೆ ಹಳ್ಳವೆಲ್ಲ ಮೊಳಗುವಂತೆ ಬಡಿದುಕೊಂಡಿತು.

"ಗಂಟೆಗೇನಾಗದೆ ಮಾವ?" ನಟರಾಜು ಕೇಳಿದ. ಅತ್ತು ಕೆಂಪಾಗಿದ್ದ ಕಣ್ಣುಗಳನ್ನು ಅವನು ಮರೆಸುತ್ತಲೂ ಇರಲಿಲ್ಲ. "ಕೊಪ್ಪಲಿಗೇ ಕೇಳೋಂಗೆ ಬಡ್ಕೊತಾ ಅದಲ್ಲ. ಏರುಸ್ಕೊಂಡಿದ್ಯಾ?"

"ನಾನು ಕುಡಿಯದು ಬುಟ್ಟು ಎಷ್ಟೊರ್ಸಾಯ್ತು ಅಂತ ನಿಮ್ಮವ್ವನ್ನ ಕೇಳೋಗ್ಲಾ."

"ಅವ್ವ ಕೊಟ್ಟಿಗೇಲಿ ಅಸಿನ ಮುಂದೆ ಕುಂತವ್ಳೆ. ನೀನೇ ಬಂದು ಕೇಳು."

ಜವರಯ್ಯನ ಮುಖ ಇಳಿಯಿತು. "ಕಣ್ಣು ಮುಚ್ಚಿರ್ನಿಲ್ಲ ಕಣ್ರಪ್ಪಾ" ಎಂದ. ಅವನು ಇನ್ನೊಂದು ಸಲ ಅದನ್ನೇ ಹೇಳಿದ. ಮೂರನೆಯ ಸಲಕ್ಕೆ ಬಾಯಿ ತೆರೆದವನು ಗಂಟೆಯ ಕಡೆ ನೋಡಿ, "ಮುಚ್ಚಿದ್ರೂ ಮುಚ್ಚಿರ್ಬೋದು. ವಯಸ್ಸಾಯ್ತಲ್ಲ" ಎಂದ. ಭಾನುವಾರ ಹಾಲಿನ ಡೈರಿಯ ಮುಂದೆ ಸೇರಿ, ಕಾವಲಿಗೆ ಬೇರೆಯವರನ್ನು ನೇಮಿಸುವುದೆಂದು ಮಾತಾಯಿತು.

ಮಾರನೆಯ ಮಧ್ಯಾಹ್ನ ಪವಿತ್ರಾ ಹುಲ್ಲಿನ ಹೊರೆ ಹೊತ್ತು ಹಳ್ಳದ ದಾರಿಯಲ್ಲಿ ಬರುತ್ತಿದ್ದಳು. ಜವರಯ್ಯನ ಹೆಂಡತಿ ಸಾಕಮ್ಮ ಕಂಡಿಯ ಕಂಬದ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಜವರಯ್ಯ ಅಟ್ಟಣೆಯ ಮೇಲೆ ಗಂಟೆಗೆ ಕಿವಿಯಿಟ್ಟು ಕೂತಿದ್ದ.

"ಇನ್ನೆಷ್ಟು ಸಲ ಓಡಾಡ್ಲಿ? ಆನೆ ನೋಡುದ್ರೆ ಇವಳ್ಯಾರಪ್ಪ ನಮ್ಮೋಳೇ ಅಂದ್ಕೊತದೆ" ಎಂದು ಸಾಕಮ್ಮ ಕೂಗಿದಳು. ಜವರಯ್ಯ ನಗಲಿಲ್ಲ.

"ಕೂಸೆ, ವಸಿ ಬಾ ಇಲ್ಲಿ" ಎಂದು ಪವಿತ್ರಾಳನ್ನು ಕರೆದ. "ಗಂಟೆ ಬಡೀತಾ ಅದಾ? ನಿಂಗೆ ಕೇಳ್ತಾ ಅದಾ?"

"ಇಲ್ಲ ಮಾವ."

"ಬೇಜಾರಾಯ್ತನೆ ಅಂತ ಅಂಗನ್ಬ್ಯಾಡ. ನಿನ್ನೆ ಅಷ್ಟು ಜನದ ಮುಂದೆ ಬಡೀತಲ್ಲ. ಈಗ ನಂಗೆ ಏನೂ ಕೇಳ್ನಿಲ್ಲ. ಕಿವಿನೂ ಓಗದೆ ಕಣವ್ವ. ಅವತ್ತೂ ಬಡ್ದದೆ, ನಂಗೇ ಕೇಳ್ಸಿಲ್ಲ."

ಪವಿತ್ರಾ ಹೊರೆ ಇಳಿಸಿ ಏಣಿ ಹತ್ತಿ ನೋಡಿದಳು. ಗಂಟೆಯ ನಾಲಗೆ ಅಲುಗುತ್ತಲೇ ಇರಲಿಲ್ಲ. "ಬಡೀತಿಲ್ಲ ಮಾವ, ನನ್ನಾಣೆ" ಎಂದಳು. ಅವನು ನಂಬಿದ ಹಾಗೆ ಕಾಣಲಿಲ್ಲ. ನಿನ್ನೆ ಬಡಿದದ್ದು ಇಂದು ಏಕಿಲ್ಲ ಎಂದು ಅವಳು ಯೋಚಿಸುತ್ತಿದ್ದಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲಿಗೆ ಏನೋ ಮೆಸೇಜು ಬಂದ ಸದ್ದಾಯಿತು. ನೆಟ್ಟು ಇದೆ, ಅಂದರೆ ಕರೆಂಟು ಇದೆ. ನಿನ್ನೆ ಇರಲಿಲ್ಲ.

ಅವಳು ತಲೆಯೆತ್ತಿ ಏರಿನ ಮೇಲಿನ ತಮ್ಮ ಸೂರನ್ನು ನೋಡಿದಳು. ಪೈಪಿನ ತುದಿಯ ಪೆಟ್ಟಿಗೆ ಅಟ್ಟಣೆಯನ್ನೇ ದಿಟ್ಟಿಸುವಂತೆ ಎದುರಿಗೇ ಇತ್ತು.

"ಸಾಕಮ್ಮತ್ತೆ, ಓಡಾಡ್ತಾನೇ ಇರಿ" ಎಂದವಳೇ ಹುಲ್ಲನ್ನು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದಳು. ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಕೆಳಗೆ ಗಂಟೆ ಬಡಿಯತೊಡಗಿತು. ಪ್ಲಗ್ಗು ಹಾಕಿದಳು. ನಿಂತಿತು. ಮತ್ತೆ ಕಿತ್ತಳು; ಮತ್ತೆ ಬಡಿಯಿತು.

ಆಮೇಲೆ ಮಹದೇವಪ್ರಸಾದನಿಗೆ ಫೋನು ಮಾಡಲು ಅದೇ ಪೆಟ್ಟಿಗೆ ಹಾಕಬೇಕಾಯಿತು.

"ಆ ಗಂಟೆ ಬಳಸೋ ಚಾನೆಲ್ಲು ಡೇಟಾಬೇಸಲ್ಲಿ ನೋಂದಣಿ ಆಗಿದೆ ಮೇಡಂ" ಎಂದ ಅವನು. "ಅಟ್ಟಣೆ ಸುತ್ತಮುತ್ತ ಯಾರು ಕೇಳಿದ್ರೂ ಅದು ಖಾಲಿ ಇಲ್ಲ ಅಂತ್ಲೇ ಉತ್ತರ. ನಿಮ್ಮ ಮನೆ ತಗ್ಗಲ್ಲಿ, ಮರೆಯಲ್ಲಿದೆ. ಅಲ್ಲಿಂದ ತೊಂದ್ರೆ ಆಗಲ್ಲ ಅಂತ ನಿಮಗೆ ಕೊಡ್ತಿದೆ. ಪೆಟ್ಟಿಗೆ ನಿಮ್ಮ ತಾರಸಿ ಮೇಲೇ ಇದೆಯಲ್ಲ? ಇಲ್ಲಿ ಹಾಗೇ ತೋರಿಸ್ತಿದೆ."

ಪವಿತ್ರಾ ಸೂರಿನ ಮೇಲಿನ ಪೈಪನ್ನು ನೋಡಿದಳು. "ಹೊಲದ ಮನೇಲಿದೆ ಸಾರ್."

ಅವನು ಬಯ್ಯಲಿಲ್ಲ. "ಮೊದ್ಲು ಜಾಗ ಸರಿಮಾಡಿ" ಎಂದ.

"ಮಾಡಿದ್ರೆ ಬೇರೆ ಯಾವ್ದಾದ್ರೂ ಕೊಡುತ್ತಾ?"

"ಎತ್ತರದ ಜಾಗ ಅದು. ದೂರದ ಟೀವಿ ಟವರುಗಳದ್ದೂ ಲೆಕ್ಕಕ್ಕೆ ಬರುತ್ತೆ. ಏನೂ ಕೊಡದೇನೂ ಇರಬಹುದು. ಆದ್ರೂ ಮಾಡ್ಲೇಬೇಕು."

ಅವಳು ಪ್ಲಗ್ಗು ಕಿತ್ತಿಟ್ಟಳು. ಸಂಜೆ ಗಂಡನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದಳು. ಶಿವಶಂಕರ ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಒಂದ್ಕೆಲ್ಸ ಮಾಡು. ಕತ್ಲಾಗೋಕೆ ಮುಂಚೆ ಆರ್ಸು, ಒತ್ತಾರೆ ಎದ್ದು ಹಾಕು. ಆನೆ ಬರೋದು ಕತ್ಲಲ್ಲಿ ತಾನೆ? ಗಂಟೆನೂ ಬಡೀತದೆ, ನೆಟ್ಟೂ ಇರ್ತದೆ. ಯುಗಾದಿ ಆದ್ಮೇಲೆ ನಮ್ಮನೆಗೇ ಓಯ್ತೀವಲ್ಲ. ಯಾರ್ಗೂ ಏನೂ ಹೇಳದು ಬ್ಯಾಡ."

"ಜವರಯ್ಯ ಮಾವ?"

"ಅವನಿಗೇನು? ವಯಸ್ಸಾಗದೆ. ಕಾವಲು ಬುಟ್ಟು ಮನೇಲಿರ್ತಾನೆ."

"ನಿದ್ದೆ ಮಾಡಿ ಹಸಿನ ಸಾಯ್ಸ್ದೋನು ಅನ್ನುಸ್ಕೊಂಡು ಇರ್ತಾನೆ" ಎಂದಳು ಪವಿತ್ರಾ. "ಅವರಿವರು ಅನ್ನೋದಿರ್ಲಿ, ತಾನೇ ಅಂದ್ಕೊಂಡ್ಬುಟ್ಟವ್ನೆ. ಕಿವಿ ಓಗದೆ ಅಂತವ್ನೆ."

ಹೌದು ಎಂದು ಒತ್ತಿದ್ದು ತನ್ನ ಬೆರಳೇ. ಅದನ್ನು ಅವಳು ಬಾಯಲ್ಲಿ ಹೇಳಲಿಲ್ಲ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಲ್ಲಾಜಮ್ಮ ತಲೆಯೆತ್ತಲಿಲ್ಲ. ಕಾಯಿ ಮುಗಿದ ಮೇಲೂ ಸಿಪ್ಪೆಯನ್ನೇ ಬಿಡಿಸುತ್ತ ಕೂತಿದ್ದಳು.

ಭಾನುವಾರ ಪವಿತ್ರಾ, ಜಾಗ ತಿಳಿಸಬೇಕಾದರೂ ಅದೇ ಬೇಕೆಂದು ಪೆಟ್ಟಿಗೆಗೆ ಕರೆಂಟು ಕೊಟ್ಟು, ಹಾಲು ಹಾಕುವ ಹೊತ್ತಿಗೆ ಡೈರಿಯ ಹತ್ತಿರ ಹೋದಳು. ಅತ್ತೆಯೂ ಕ್ಯಾನು ಹಿಡಿದು ಹಿಂದೆಯೇ ಬಂದಳು, ಅವಳ ಹಿಂದೆ ಶಿವಶಂಕರ. ಜವರಯ್ಯ ಆಗಲೇ ಬಂದು ನಿಂತಿದ್ದ. ಯಾರೂ ಕೇಳುವ ಮೊದಲೇ ಟಾರ್ಚನ್ನೂ ಪಟಾಕಿಯ ಚೀಲವನ್ನೂ ಡೈರಿಯ ಮೆಟ್ಟಿಲ ಮೇಲಿಟ್ಟು, ಪಕ್ಕಕ್ಕೆ ಸರಿದು ನಿಂತ. ಕಣ್ಣು ಗುಳಿಬಿದ್ದಿದ್ದವು.

"ಎಲ್ರೂ ಬಂದವ್ರೆ. ಮಾತು ಮುಗಿಸ್ಬುಡನ" ಎಂದ ನಟರಾಜು.

"ನಟರಾಜಣ್ಣ, ತಪ್ಪು ಮಾವಂದಲ್ಲ" ಎಂದಳು ಪವಿತ್ರಾ. "ನಮ್ಮ ರೇಡಿಯೋ ಪೆಟ್ಟಿಗೆದು. ಅದು ಗಂಟೆ ಚಾನೆಲಲ್ಲೇ ಕೂಗ್ತಿತ್ತು. ಕಂಡಿಯಿಂದ ಬರೋ ಸುದ್ದಿ ಗಂಟೆಗೆ ಕೇಳ್ತಾ ಇರ್ನಿಲ್ಲ."

ಜನ ಮುಖ ಮುಖ ನೋಡಿಕೊಂಡರು. "ಒಂದೊರ್ಸದಿಂದ ಕೂಗ್ದೆ ಇದ್ದದ್ದು ಈಗ ಕೂಗ್ತಾ?" ಎಂದ ಒಬ್ಬ. "ಪೆಟ್ಟಿಗೆ ನಿಮ್ಮಟ್ಟಿ ಮೇಲೆ ತಾನೆ ಇರೋದು? ಅಲ್ಲೆಲ್ಲಿ, ಅಟ್ಟಣೆ ಎಲ್ಲಿ?"

ಟ್ರ್ಯಾಕ್ಟರಿನಲ್ಲಿ ಪಾತ್ರೆ ಹೋದದ್ದನ್ನು ಎಲ್ಲರೂ ನೋಡಿದ್ದರು, ಬಾಗಿಲ ಮುಳ್ಳನ್ನೂ ನೋಡಿದ್ದರು. ಆದರೆ ಕೊಪ್ಪಲಿನಲ್ಲಿ ಯಾರೂ ಅದನ್ನು ಬಾಯಲ್ಲಿ ಆಡಿರಲಿಲ್ಲ. ಇದು ತಾನು ಹೇಳಬೇಕಾದ ಮಾತೋ ಅಲ್ಲವೋ ಎಂದು ಪವಿತ್ರಾ ಅತ್ತೆಯ ಕಡೆ ನೋಡಿದಳು.

ಮಲ್ಲಾಜಮ್ಮ ಕ್ಯಾನನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡಳು.

"ನಾವು ಮನೆ ಬುಟ್ಟೀವಿ" ಎಂದಳು.

ಹಾಲು ಅಳೆಯುತ್ತಿದ್ದವನ ಕೈ ಕೂಡ ನಿಂತಿತು. ಶಿವಶಂಕರ ನೆಲ ನೋಡಿದ.

"ಸೂತಕದ ಮನೆ. ಮುಳ್ಳಿಕ್ಕಿ ಬಂದಿವಿ. ಪೆಟ್ಟಿಗೆ ವೊಲದ ಮನೇಲದೆ. ಜಾಗ ಬದ್ಲಾಗದೆ ಅಂತ ನನ್ನ ಸೊಸೆ ಹೇಳಕ್ಕೋದ್ಲು, ನಾನೇ ಕೈ ಹಿಡಿದೆ. ನನ್ನ ಮಗನ್ನ ಉಳಿಸ್ಕೊಳಕೆ ಹಿಡಿದೆ." ಅವಳು ಜವರಯ್ಯನ ಕಡೆ ತಿರುಗಿದಳು. "ನಮ್ಮ ಯಜಮಾನ್ರ ಚಟ್ಟಕ್ಕೆ ಮುಂದ್ಲ ಎಗಲು ಕೊಟ್ಟೋನು ಈ ಜವರ. ಅವನ್ನ ಕಳ್ಳನಂಗೆ ನಿಲ್ಲಿಸಿ ನಾನು ನನ್ನ ಮಗನ್ನ ಉಳಿಸ್ಕೊಬೇಕಾ? ಬರೋದು ಬರ್ಲಿ. ಪವಿತ್ರಾ, ಅದೇನು ಒತ್ತಬೇಕೋ ಒತ್ತವ್ವ."

ಪವಿತ್ರಾ ಮೊಬೈಲು ತೆಗೆದಳು. "ಒತ್ತುದ್ರೆ ನೆಟ್ಟು ಓಗ್ಬೋದು. ಯುಗಾದಿಗಂಟ ಇಲ್ದೆ ಇರ್ಬೋದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ನಟರಾಜು ಜವರಯ್ಯನನ್ನು ನೋಡುತ್ತಿದ್ದ. "ಒತ್ತಕ್ಕ" ಎಂದ.

ಹಿಂದಿನ ಜಾಗದಲ್ಲಿಲ್ಲ ಎಂದು ಒತ್ತಿ, ಹೊಲದ ಮನೆ ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕಳಿಸಿದಳು. ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ಪಟ್ಟಿ ಈ ತುದಿಯಿಂದ ಆ ತುದಿಯವರೆಗೂ ಬೂದು. ಎಲ್ಲಿಯೂ ಒಂದು ಗೆರೆಯಷ್ಟೂ ಹಸಿರಿರಲಿಲ್ಲ. ಏರಿನ ಮೇಲೆ ಪೆಟ್ಟಿಗೆ ತಾನಾಗಿ ಸುಮ್ಮನಾಯಿತು. ಡೈರಿಯವನು ತನ್ನ ಮೊಬೈಲು ಅಲ್ಲಾಡಿಸಿ ನೋಡಿ, "ಓಯ್ತು" ಎಂದ. ಹಾಲು ಅಳೆಯುವುದು ಮತ್ತೆ ಶುರುವಾಯಿತು. ಮಲ್ಲಾಜಮ್ಮ ಮಗನ ಹತ್ತಿರ ಹೋಗಿ, ಅವನು ಅಲ್ಲೇ ಇದ್ದಾನೆಯೇ ಎಂದು ನೋಡುವವಳಂತೆ ಅವನ ತೋಳನ್ನು ಹಿಡಿದು ನಿಂತಳು.

ಜವರಯ್ಯ ಇನ್ನೂ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಪವಿತ್ರಾ ಹತ್ತಿರ ಹೋದಳು.

"ಅಂಗಾದ್ರೆ ನಾನು ಎದ್ದೇ ಇದ್ದೆ" ಎಂದ ಅವನು. ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ.

"ಎದ್ದಿದ್ರಿ ಮಾವ. ಕಿವಿನೂ ಚೆನ್ನಾಗದೆ."

ಅವನು ತಲೆಯಾಡಿಸಿದ. ಆಮೇಲೆ ಇನ್ನೊಂದು ಸಲ ತಲೆಯಾಡಿಸಿದ. ನಟರಾಜು ಬಂದು ಅವನ ಮುಂದೆ ನಿಂತ. ಮೆಟ್ಟಿಲ ಮೇಲಿನ ಟಾರ್ಚನ್ನು ಎತ್ತಿ ಚಾಚಿದ. "ತಗೊ ಮಾವ. ಒತ್ತು ಮುಳುಗ್ತಾ ಅದೆ. ನಡಿ, ನಾನೂ ಅಟ್ಟಣೆಗಂಟ ಬತ್ತೀನಿ."

ಜವರಯ್ಯ ಟಾರ್ಚಿಗೆ ಕೈ ಚಾಚಲಿಲ್ಲ.

"ಇವತ್ತೊಂದಿನ ನೀನೇ ಕುಂತ್ಕೊ ಕಣ್ಲಾ ನಟರಾಜು. ಅವತ್ತಿಂದ ಅಗಲೂ ಇಲ್ಲ, ರಾತ್ರಿನೂ ಇಲ್ಲ, ರೆಪ್ಪೆ ಅಂಟುದ್ರೆ ಎಲ್ಲಿ ನೀವಂದಿದ್ದೇ ನಿಜ ಆಯ್ತದೋ ಅಂತ ಎದ್ದೇ ಇವ್ನಿ." ಅವನು ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ತಲೆಗೆ ಸುತ್ತಿಕೊಂಡ. "ಇವತ್ತು ಮನೀಕತೀನಿ."

ನಟರಾಜು ಪಟಾಕಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಹಳ್ಳದ ದಾರಿ ಹಿಡಿದ. ಜವರಯ್ಯ ಬೀದಿಯ ಆ ಬದಿಗೆ ದಾಟಿ, ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ ಸಾಕಮ್ಮನಿಗೆ, ಚಾಪೆ ಹಾಸು ಎಂದು ಕೂಗಿ ಹೇಳಿದ.